ಅರ್ಜಿಯ ಮೊದಲ ಸಾಲು ನಿಮ್ಮ ಹಾಜರಿ ಪುಸ್ತಕದಲ್ಲಿದೆ

ಪ್ರಶ್ನೆ: ಮೇಡಂ, ಬೆಂಗಳೂರಿನ ಲಗ್ಗೆರೆಯಲ್ಲಿ ನಾವು ಎಂಟು ಜನ ಹೆಂಗಸರು ಸೇರಿ ಸಂಜೆ ಹೊತ್ತು ಮಕ್ಕಳಿಗೆ ಓದು ಕಲಿಸುತ್ತಿದ್ದೇವೆ. 62 ಮಕ್ಕಳು ಬರುತ್ತಾರೆ. ಹೆಚ್ಚಿನವರ ತಾಯಂದಿರು ಗಾರ್ಮೆಂಟ್ಸ್‌ಗೆ ಹೋಗುವವರು. ಸಂಘ 2021ರಲ್ಲಿ ನೋಂದಣಿ ಆಗಿದೆ. ಸಂಘಕ್ಕೂ ದಾನ ಕೊಡುವವರಿಗೂ ಆದಾಯ ತೆರಿಗೆ ವಿನಾಯಿತಿ ಕೊಡುವ 12ಎ, 80ಜಿ ನೋಂದಣಿ ಎರಡೂ ಇವೆ. ಇಲ್ಲಿವರೆಗೆ ನಮ್ಮ ಕೈಯಿಂದ ಹಾಕಿ, ಗಣೇಶನ ಹಬ್ಬದ ಕಮಿಟಿಯವರು ಉಳಿಸಿ ಕೊಟ್ಟ ದುಡ್ಡು ಸೇರಿಸಿ ನಡೆಸಿದ್ದೇವೆ. ಕಳೆದ ವರ್ಷ 11 ದೊಡ್ಡ ಕಂಪನಿಗಳಿಗೆ ಅರ್ಜಿ ಹಾಕಿದೆವು. ಎರಡು ಕಡೆಯಿಂದ ಆಗುವುದಿಲ್ಲ ಎಂದು ಮೇಲ್ ಬಂತು. ಉಳಿದ ಒಂಬತ್ತು ಕಡೆಯವರು ಉತ್ತರವನ್ನೇ ಕೊಡಲಿಲ್ಲ. ಈಗ ಒಬ್ಬರು, 50 ಸಾವಿರ ಕೊಟ್ಟರೆ ಪ್ರಪೋಸಲ್ ಬರೆದು ಕೊಡುತ್ತೇನೆ, ಬಂದ ಹಣದಲ್ಲಿ ಶೇ. 10 ನನಗೆ ಕೊಡಬೇಕು ಅನ್ನುತ್ತಿದ್ದಾರೆ. ನಮಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಮ್ಮಂಥ ಸಣ್ಣ ಸಂಘಕ್ಕೆ ಫಂಡ್ ಸಿಗುತ್ತದಾ? ಹಾಕಿದ ಅರ್ಜಿಯ ಪ್ರತಿ ಮತ್ತು ಕಳೆದ ವರ್ಷದ ಲೆಕ್ಕ ಜೊತೆಗಿದೆ. ಅಮೆರಿಕದಲ್ಲಿರುವ ಪರಿಚಯದವರೊಬ್ಬರು ದುಡ್ಡು ಕಳಿಸುತ್ತೇನೆ ಅನ್ನುತ್ತಿದ್ದಾರೆ, ಅದನ್ನು ಪಡೆಯಬಹುದಾ?

ಉತ್ತರ: ಸಿಗುತ್ತದೆ. ನಿಮ್ಮಷ್ಟೇ ಸಣ್ಣ ಸಂಘಗಳಿಗೆ ಸಿಕ್ಕಿದ್ದನ್ನು ನಾನು ನೋಡಿದ್ದೇನೆ. ಆದರೆ ಆ 50 ಸಾವಿರವನ್ನು ಮಾತ್ರ ಯಾರಿಗೂ ಕೊಡಬೇಡಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಅರ್ಜಿ ನೋಡೋಣ.

ಎಂಟು ಪುಟವನ್ನೂ ಎರಡು ಸಲ ಓದಿದೆ. ಮೊದಲ ಸಾಲು ಹೀಗಿದೆ: 'ಸಮಾಜದ ಹಿಂದುಳಿದ ವರ್ಗದ ಮಕ್ಕಳಿಗೆ ಗುಣಮಟ್ಟದ ಶಿಕ್ಷಣ ನೀಡಿ ಅವರ ಸರ್ವಾಂಗೀಣ ಅಭಿವೃದ್ಧಿಯನ್ನು ಸಾಧಿಸುವುದು ನಮ್ಮ ಸಂಘದ ಧ್ಯೇಯವಾಗಿದೆ.' ಈ ಸಾಲಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಓದಿದವರಿಗೆ ನೀವು ಲಗ್ಗೆರೆಯವರೋ ಲಿಂಗಸುಗೂರಿನವರೋ ಗೊತ್ತಾಗುವುದಿಲ್ಲ. ಬೆಳಿಗ್ಗೆ ಶಾಲೆ ನಡೆಸುತ್ತೀರೋ ಸಂಜೆ ಪಾಠ ಹೇಳುತ್ತೀರೋ, ಅದೂ ಗೊತ್ತಾಗುವುದಿಲ್ಲ. ನಾನು ಕೆಲವು ವರ್ಷ ಒಂದು ಟ್ರಸ್ಟಿನ ಆಯ್ಕೆ ಸಮಿತಿಯಲ್ಲಿ ಕೂತು ಅರ್ಜಿಗಳನ್ನು ಓದುತ್ತಿದ್ದೆ. ಒಂದೊಂದು ಸುತ್ತಿಗೆ ನೂರಕ್ಕಿಂತ ಜಾಸ್ತಿ ಬರುತ್ತಿದ್ದವು. ಎಷ್ಟೋ ಅರ್ಜಿಗಳು ಇದೇ ಸಾಲಿನಿಂದ ಶುರುವಾಗುತ್ತಿದ್ದವು. ಮೂವತ್ತನೇ ಅರ್ಜಿ ಹೊತ್ತಿಗೆ ಕಣ್ಣು ಆ ಸಾಲನ್ನು ಹಾರಿಸಿಕೊಂಡು ಮುಂದೆ ಹೋಗುತ್ತಿತ್ತು.

ಈಗ ನಿಮ್ಮ ಆರನೇ ಪುಟಕ್ಕೆ ಬನ್ನಿ. ಅಲ್ಲಿ ಒಂದು ಫೋಟೋ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ: 'ಐದನೇ ಕ್ಲಾಸಿನ 14 ಮಕ್ಕಳಲ್ಲಿ ಜೂನ್‌ನಲ್ಲಿ 9 ಮಕ್ಕಳಿಗೆ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಫೆಬ್ರವರಿಯಲ್ಲಿ 3 ಮಕ್ಕಳಿಗೆ ಬರುತ್ತಿರಲಿಲ್ಲ.'

ನಾನು ಅಲ್ಲೇ ನಿಂತುಬಿಟ್ಟೆ. ಇಡೀ ಅರ್ಜಿಯಲ್ಲಿ ನಿಮಗೆ ಮಾತ್ರ ಗೊತ್ತಿರುವ ವಿಷಯ ಇದೊಂದೇ. ಇದನ್ನು ಹಾಜರಿ ಪುಸ್ತಕದಿಂದ ತೆಗೆದಿದ್ದೀರಿ ಅಂತ ನೋಡಿದರೇ ಗೊತ್ತಾಗುತ್ತದೆ. 'ರಸ್ತೆ'ಯನ್ನು 'ರಸತೆ' ಅಂತ ಓದುವ ಮಗುವನ್ನು ನೀವು ದಿನಾ ನೋಡುತ್ತೀರಿ, ಅಲ್ವಾ? 'ಅಜ್ಜಿ', 'ಬೆಕ್ಕು' ಬೇಗ ಬರುತ್ತವೆ, ಅಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. 'ಪುಸ್ತಕ', 'ಚಂದ್ರ' ಬಂದಾಗ ತಡವರಿಸುತ್ತಾರೆ. 'ಸೂರ್ಯ' ಬಂದರಂತೂ ಇನ್ನೂ ಕಷ್ಟ. ಅರ್ಕಾವತ್ತನ್ನು ಬರೆಯುವುದು ಆಮೇಲೆ, ಓದುವುದು ಮೊದಲು. ಐದನೇ ಕ್ಲಾಸಿನ ಪುಸ್ತಕದಲ್ಲಿ ಒತ್ತಕ್ಷರ ಇಲ್ಲದ ಸಾಲು ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಒತ್ತಕ್ಷರ ಬರದ ಮಗುವಿಗೆ ಗಣಿತದ ಲೆಕ್ಕ ಬರುತ್ತಿದ್ದರೂ ಲೆಕ್ಕದ ಪ್ರಶ್ನೆಯೇ ಓದಲು ಬರುವುದಿಲ್ಲ. ಇದನ್ನು ನಾಲ್ಕು ಸಾಲಲ್ಲಿ ಬರೆಯಿರಿ. ಕಂಪನಿಯಲ್ಲಿ ಕೂತವರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಾಗಿರಬಹುದು. ಅವರಿಗೂ ಇದು ಥಟ್ಟನೆ ಅರ್ಥವಾಗುತ್ತದೆ.

ನಿಮ್ಮದೇ ಮಾಹಿತಿ ಇಟ್ಟುಕೊಂಡು ನಾನಾಗಿದ್ದರೆ ಮೊದಲ ಪುಟವನ್ನು ಹೀಗೆ ಶುರು ಮಾಡುತ್ತಿದ್ದೆ:

'ಲಗ್ಗೆರೆಯ ನಮ್ಮ ಬೀದಿಗಳಲ್ಲಿ ಮಕ್ಕಳು ಶಾಲೆಯಿಂದ ಬರುವುದು ನಾಲ್ಕೂವರೆಗೆ. ಗಾರ್ಮೆಂಟ್ಸ್‌ಗೆ ಹೋದ ತಾಯಿ ಮನೆ ಸೇರುವುದು ಏಳಕ್ಕೆ. ಆ ಎರಡೂವರೆ ಗಂಟೆ ಮನೆಗೆ ಬೀಗ. 2021ರಿಂದ ಆ ಹೊತ್ತಿನಲ್ಲಿ ನಾವು ಮಕ್ಕಳನ್ನು ಕೂರಿಸಿಕೊಂಡು ಓದು ಕಲಿಸುತ್ತಿದ್ದೇವೆ. ಈಗ 62 ಮಕ್ಕಳಿದ್ದಾರೆ. ಕಳೆದ ವರ್ಷ ಐದನೇ ಕ್ಲಾಸಿನ 14 ಮಕ್ಕಳಲ್ಲಿ 9 ಮಕ್ಕಳಿಗೆ ಜೂನ್‌ನಲ್ಲಿ ಒತ್ತಕ್ಷರ ಓದಲು ಬರುತ್ತಿರಲಿಲ್ಲ. ಫೆಬ್ರವರಿ ಹೊತ್ತಿಗೆ ಅವರಲ್ಲಿ 6 ಮಕ್ಕಳು ಓದುತ್ತಿದ್ದರು. ಇಬ್ಬರು ಟೀಚರ್ ಮತ್ತು ಒಬ್ಬ ಸಂಯೋಜಕಿಯನ್ನು ಸಂಬಳ ಕೊಟ್ಟು ಇಟ್ಟುಕೊಂಡು ಇದನ್ನು ಒಂದು ವರ್ಷ ನಡೆಸಲು ನಿಮ್ಮಿಂದ 4,30,000 ರೂಪಾಯಿ ಕೇಳುತ್ತಿದ್ದೇವೆ.'

ಯಾರು, ಎಲ್ಲಿ, ಯಾಕೆ ಸಂಜೆಯೇ, ಏನು ಬದಲಾಯಿತು, ಎಷ್ಟು ಬೇಕು. ಇಷ್ಟೂ ಅರ್ಧ ಪುಟದಲ್ಲಿ ಬಂತು. ಸಂಘದ ಧ್ಯೇಯೋದ್ದೇಶ, ಅಧ್ಯಕ್ಷರ ಪರಿಚಯ, ಸನ್ಮಾನದ ಫೋಟೋ ಎಲ್ಲ ಹಿಂದಕ್ಕೆ ಹೋಗಲಿ. ಕೆಲವನ್ನು ಸುಮ್ನೆ ತೆಗೆದುಹಾಕಿದರೂ ನಷ್ಟವಿಲ್ಲ.

ಉಳಿದ ಆ 3 ಮಕ್ಕಳನ್ನು ಮಾತ್ರ ಅರ್ಜಿಯಿಂದ ಬಿಡಬೇಡಿ. ತುಂಬಾ ಸಂಘದವರು 'ಶೇ. 100 ಪ್ರಗತಿ' ಅಂತ ಬರೆಯುತ್ತಾರೆ. ಓದುವವರು ನಂಬುವುದಿಲ್ಲ. ಆ ಮೂವರು ಯಾಕೆ ಹಿಂದೆ ಉಳಿದರು ಅಂತ ನಿಮಗೆ ಗೊತ್ತಿರುತ್ತದೆ. ಒಂದು ಮಗು ರಾಯಚೂರು ಕಡೆಯಿಂದ ನಡು ವರ್ಷದಲ್ಲಿ ಬಂದಿರಬಹುದು. ಇನ್ನೊಂದಕ್ಕೆ ಮನೆಯಲ್ಲಿ ತಮಿಳೋ ಉರ್ದುವೋ ಇದ್ದು ಕನ್ನಡ ಬೀದಿಯಲ್ಲಿ ಕಲಿತದ್ದಾಗಿರಬಹುದು. ಅದನ್ನು ಬರೆದು, ಈ ವರ್ಷ ಅವರಿಗೆ ಬೇರೆ ಏನು ಮಾಡುತ್ತೀರಿ ಅಂತಲೂ ಬರೆಯಿರಿ. ಬಾಡಿಗೆ ಮನೆ ಬದಲಾಯಿಸಿ ಹೋದ ಮಕ್ಕಳ ಲೆಕ್ಕವನ್ನೂ ಕೊಡಿ. ನಮ್ಮ ಸಮಿತಿಯಲ್ಲಿ ಇಂಥ ಸಾಲು ಕಂಡಾಗಲೆಲ್ಲ ಯಾರಾದರೊಬ್ಬರು 'ಇವರು ನಿಜವಾಗಿ ಕೆಲಸ ಮಾಡುತ್ತಿದ್ದಾರೆ' ಅನ್ನುತ್ತಿದ್ದರು.

ಈ ಲೆಕ್ಕ ಗಟ್ಟಿಯಾಗಿ ನಿಲ್ಲಬೇಕಾದರೆ ಅಳತೆ ಒಂದೇ ಇರಬೇಕು. ಜೂನ್‌ನಲ್ಲಿ ಒಂದು ಪುಟದ ಕಥೆ ಓದಿಸಿದರೆ, ಫೆಬ್ರವರಿಯಲ್ಲೂ ಅಷ್ಟೇ ಕಷ್ಟದ ಒಂದು ಪುಟ ಓದಿಸಿ. ಓದಿಸಿದ ದಿನ, ಮಗುವಿನ ಹೆಸರು, ಎಲ್ಲಿ ತಡವರಿಸಿತು, ಮೂರನ್ನೂ ಪುಸ್ತಕದಲ್ಲಿ ಬರೆದಿಡಿ. ಕಂಪ್ಯೂಟರ್ ಬೇಕಂತ ಇಲ್ಲ. ಇನ್ನೂರು ಪುಟದ ಒಂದು ಲಾಂಗ್ ನೋಟ್‌ಬುಕ್ ಸಾಕು.

ಈಗ ಆ ಒಂಬತ್ತು ಕಂಪನಿಗಳ ಮೌನದ ವಿಷಯ. ನಿಮ್ಮ ಅರ್ಜಿಯ ಕೊನೆಗೆ ನೋಂದಣಿ ಪತ್ರ, ಪ್ಯಾನ್, 12ಎ, 80ಜಿ ಪ್ರತಿಗಳಿವೆ. ಸಿಎಸ್‌ಆರ್ (ಕಂಪನಿಗಳು ಕಾನೂನಿನಂತೆ ಸಮಾಜದ ಕೆಲಸಕ್ಕೆ ಮಾಡಬೇಕಾದ ಖರ್ಚು) ನೋಂದಣಿ ಸಂಖ್ಯೆ ಎಲ್ಲೂ ಇಲ್ಲ. ನನ್ನ ಲೆಕ್ಕದಲ್ಲಿ ಬಹಳಷ್ಟು ಕಡೆ ಅರ್ಜಿ ನಿಂತದ್ದು ಇಲ್ಲೇ. 2021ರ ಏಪ್ರಿಲ್ 1ರಿಂದ, ಕಂಪನಿಗಳ ಸಿಎಸ್‌ಆರ್ ಹಣ ಪಡೆದು ಕೆಲಸ ಮಾಡುವ ಸಂಘ, ಟ್ರಸ್ಟುಗಳು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಎಸ್‌ಆರ್-1 ಅನ್ನುವ ಫಾರಂ ಹಾಕಿ ನಂಬರ್ ಪಡೆಯಬೇಕು. ಆ ನಂಬರ್ ಇಲ್ಲದಿದ್ದರೆ ನಿಮ್ಮ ಕೆಲಸ ಎಷ್ಟೇ ಚೆನ್ನಾಗಿರಲಿ, ಕಂಪನಿಯವರು ಆ ಲೆಕ್ಕದಲ್ಲಿ ನಿಮ್ಮ ಸಂಘಕ್ಕೆ ದುಡ್ಡು ಹಾಕುವಂತಿಲ್ಲ. ಫಾರಂಗೆ ಚಾರ್ಟರ್ಡ್ ಅಕೌಂಟೆಂಟ್, ಕಂಪನಿ ಸೆಕ್ರೆಟರಿ ಅಥವಾ ಕಾಸ್ಟ್ ಅಕೌಂಟೆಂಟ್ ಸಹಿ ಬೇಕು. ನಿಮ್ಮ ಆಡಿಟರ್‌ಗೆ ಹೇಳಿದರೆ ಮಾಡಿಕೊಡುತ್ತಾರೆ. ಇದೇ ರೀತಿಯ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು ಅನ್ನುವ ನಿಯಮವೂ ಇದೆ. ನಿಮಗೆ ಅದು ಇದೆ. ಅದಕ್ಕೆ ಸಾಕ್ಷಿಯಾಗಿ ಮೂರು ವರ್ಷದ ಆಡಿಟ್ ರಿಪೋರ್ಟ್ ಜೋಡಿಸಿ. ಈಗ ಬರೀ ಒಂದು ವರ್ಷದ್ದು ಇಟ್ಟಿದ್ದೀರಿ.

ಜೊತೆಗೆ 12ಎ, 80ಜಿ ಆದೇಶದ ಪತ್ರ ತೆಗೆದು ಅವಧಿ ಎಲ್ಲಿವರೆಗಿದೆ ನೋಡಿ. ಹೊಸ ಸಂಘಗಳಿಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಕೊಟ್ಟು, ಆಮೇಲೆ ರೆಗ್ಯುಲರ್ ಮಾಡಿಸಿಕೊಳ್ಳಬೇಕು ಅನ್ನುವ ಪದ್ಧತಿ 2021ರಲ್ಲೇ ಬಂತು. ಈ ಅವಧಿ ಮುಗಿದದ್ದು ಗೊತ್ತೇ ಇಲ್ಲದ ಸಂಘಗಳು ನಮ್ಮ ಊರಲ್ಲಿ ಬೇಕಾದಷ್ಟಿವೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಸಂಘದ ನೋಂದಣಿಯನ್ನೂ ಮಾಡಿಸಿಬಿಡಿ. ಕೇಂದ್ರ ಸರ್ಕಾರದ ಅನುದಾನಕ್ಕೆ ಅದು ಬೇಕು, ಖಾಸಗಿಯವರೂ ಕೇಳುತ್ತಾರೆ.

ಯಾರನ್ನು ಕೇಳಬೇಕು ಅನ್ನುವುದು ನನ್ನ ಮಟ್ಟಿಗೆ ಬರವಣಿಗೆಗಿಂತ ದೊಡ್ಡ ಪ್ರಶ್ನೆ. ನೀವು ಅರ್ಜಿ ಹಾಕಿದ 11 ಕಂಪನಿಗಳ ಹೆಸರನ್ನೂ ಎಲ್ಲರೂ ಕೇಳಿದ್ದಾರೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು. ರಾಜ್ಯದ ಎಲ್ಲ ಸಂಘಗಳೂ ಅವರಿಗೇ ಬರೆಯುತ್ತವೆ. ಅವರಲ್ಲಿ ಎಷ್ಟೋ ಜನ ದೊಡ್ಡ ಸಂಸ್ಥೆಗಳ ಜೊತೆ, ದೊಡ್ಡ ಮೊತ್ತದಲ್ಲಿ, ಹಲವು ಜಿಲ್ಲೆಗಳಲ್ಲಿ ಕೆಲಸ ಮಾಡಲು ಇಷ್ಟಪಡುತ್ತಾರೆ. ನಾಲ್ಕು ಲಕ್ಷದ ಒಂದು ಕೆಲಸ ನೋಡಿಕೊಳ್ಳಲೂ ಅವರಿಗೆ ನಾಲ್ಕು ಕೋಟಿಯ ಕೆಲಸದಷ್ಟೇ ಕಾಗದ ಪತ್ರ.

ಆದರೆ ನಿಮ್ಮ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಇದೆ. ಸಿಎಸ್‌ಆರ್ ಕಾನೂನನ್ನು ಸ್ವಲ್ಪ ಹತ್ತಿರದಿಂದ ನೋಡಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಯಾವುದೇ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸರಾಸರಿ 5 ಕೋಟಿ ಲಾಭದ ಒಂದು ಮಧ್ಯಮ ಕಾರ್ಖಾನೆಗೆ ಇದು ವರ್ಷಕ್ಕೆ 10 ಲಕ್ಷ. ಖರ್ಚು ಮಾಡಬೇಕಾದ ಮೊತ್ತ 50 ಲಕ್ಷ ದಾಟದಿದ್ದರೆ ಬೇರೆ ಸಿಎಸ್‌ಆರ್ ಸಮಿತಿಯೂ ಬೇಕಿಲ್ಲ, ನಿರ್ದೇಶಕ ಮಂಡಳಿಯೇ ತೀರ್ಮಾನ ಮಾಡಬಹುದು. ಅಂದರೆ ನೀವು ಮಾಲೀಕರ ಜೊತೆಗೇ ನೇರವಾಗಿ ಮಾತಾಡಬಹುದು. ಇನ್ನೊಂದು ಮಾತೂ ಆ ಸೆಕ್ಷನ್‌ನಲ್ಲೇ ಇದೆ. ಕಂಪನಿ ತಾನು ಕೆಲಸ ನಡೆಸುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಪೀಣ್ಯದ ಕಾರ್ಖಾನೆಗೆ ಲಗ್ಗೆರೆಗಿಂತ ಸುತ್ತಮುತ್ತಲು ಇನ್ನೊಂದಿಲ್ಲ. ಅಲ್ಲಿನ ಕೆಲಸಗಾರರ ಮಕ್ಕಳೇ ನಿಮ್ಮಲ್ಲಿ ಓದುತ್ತಿರಬಹುದು. (ಬರೀ ತಮ್ಮ ನೌಕರರ ಮಕ್ಕಳಿಗೆ ಅಂತ ಮಾಡಿದರೆ ಅದು ಸಿಎಸ್‌ಆರ್ ಆಗುವುದಿಲ್ಲ. ನಿಮ್ಮದು ಬೀದಿಯ ಎಲ್ಲ ಮಕ್ಕಳಿಗೂ ಇರುವುದರಿಂದ ತೊಂದರೆಯಿಲ್ಲ. ಅರ್ಜಿಯಲ್ಲಿ ಇದನ್ನು ಸ್ಪಷ್ಟವಾಗಿ ಬರೆಯಿರಿ.)

ಯಾವ ಕಂಪನಿ ಎಷ್ಟು ಖರ್ಚು ಮಾಡಿದೆ, ಯಾವುದಕ್ಕೆ ಮಾಡಿದೆ ಅನ್ನುವುದು ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಸಿಗುತ್ತದೆ. ನಿಮ್ಮ ಗುಂಪಿನಲ್ಲಿ ಕಾಲೇಜಿಗೆ ಹೋಗುವ ಮಗಳೋ ತಮ್ಮನೋ ಇದ್ದರೆ ಒಂದು ಭಾನುವಾರ ಕೂತು ಪಟ್ಟಿ ಮಾಡಲಿ. 11 ಬೇಡ, 4 ಸಾಕು. ಆ ನಾಲ್ಕಕ್ಕೂ ಬೇರೆ ಬೇರೆ ಪತ್ರ. ಮೊದಲೇ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಮಕ್ಕಳ ಶಿಕ್ಷಣಕ್ಕೆ ಕೊಡುತ್ತೀರಾ, ಸಾಮಾನ್ಯವಾಗಿ ಎಷ್ಟರವರೆಗೆ ಕೊಡುತ್ತೀರಿ? ಎಷ್ಟೋ ಅರ್ಜಿಗಳನ್ನು ಬರೆಯುವ ಶ್ರಮ ಈ ಒಂದು ಫೋನಿನಿಂದ ಉಳಿಯುತ್ತದೆ. ಅವರು ಗಿಡ ನೆಡುವುದಕ್ಕೆ ಮಾತ್ರ ಕೊಡುವವರಾದರೆ ಬಿಟ್ಟುಬಿಡಿ. ಓದಿನ ಕೆಲಸವನ್ನು ಪರಿಸರದ ಕೆಲಸದಂತೆ ತಿರುಚಿ ಬರೆಯುವ ಸಂಘಗಳನ್ನು ನೋಡಿದ್ದೇನೆ. ಹಣ ಬಂದ ಮೇಲೆ ಅವರು ಬೇಡದ ಕೆಲಸವನ್ನೇ ವರ್ಷವಿಡೀ ಮಾಡಬೇಕಾಗುತ್ತದೆ.

ಬಜೆಟ್‌ಗೆ ಬರೋಣ. ನಿಮ್ಮದು ಎರಡೇ ಸಾಲು: 'ಶಿಕ್ಷಣ ಕಾರ್ಯಕ್ರಮ 10,00,000, ಇತರೆ 2,00,000.' ಕಳೆದ ವರ್ಷದ ನಿಮ್ಮ ಒಟ್ಟು ಖರ್ಚು 1,84,000. ಓದುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟೇ ನೋಡುತ್ತಾರೆ. ಆರು ಪಟ್ಟಿಗಿಂತ ಜಾಸ್ತಿ ಹಣ ಇವರ ಕೈಗೆ ಒಂದೇ ಸಲ ಬಂದರೆ ನಿಭಾಯಿಸುತ್ತಾರಾ ಅನ್ನುವ ಅನುಮಾನ ಸಹಜ. 'ಇತರೆ' ಅನ್ನುವ ಪದವನ್ನು ಬಜೆಟ್‌ನಿಂದ ಪೂರ್ತಿ ತೆಗೆದುಬಿಡಿ. ಏನು, ಎಷ್ಟು, ಎಷ್ಟು ತಿಂಗಳು ಅಂತ ಗುಣಿಸಿ ತೋರಿಸಿ.

ನಿಮ್ಮ ಲೆಕ್ಕ ನೋಡಿ ನಾನು ಒಂದು ಮಾದರಿ ಹಾಕಿದ್ದೇನೆ. ಬೆಲೆಗಳನ್ನು ನೀವು ತಿದ್ದಿಕೊಳ್ಳಿ. ಸಂಜೆ ಹೊತ್ತಿನ ಇಬ್ಬರು ಟೀಚರ್‌ಗೆ ತಿಂಗಳಿಗೆ 9,000ದಂತೆ ವರ್ಷಕ್ಕೆ 2,16,000. ಅರ್ಧ ದಿನದ ಸಂಯೋಜಕಿಗೆ 12,000ದಂತೆ 1,44,000. ಬಾಡಿಗೆ 7,500ರಂತೆ 90,000. ಪುಸ್ತಕ 300, ಒಂದಕ್ಕೆ ಸರಾಸರಿ 90 ರೂಪಾಯಿ, ಒಟ್ಟು 27,000. ಕಡಲೆಬೀಜವೋ ಬಾಳೆಹಣ್ಣೋ, ಒಂದು ಮಗುವಿಗೆ ದಿನಕ್ಕೆ 10 ರೂಪಾಯಿಯಂತೆ 62 ಮಕ್ಕಳಿಗೆ 220 ದಿನ, 1,36,400. ಕರೆಂಟು, ನೀರು, ಕ್ಲೀನಿಂಗ್ ತಿಂಗಳಿಗೆ 1,500ರಂತೆ 18,000. ಆಡಿಟ್ ಮತ್ತು ಲೆಕ್ಕ ಬರೆಯುವುದಕ್ಕೆ 25,000. ಒಟ್ಟು 6,56,400. ಒಂದು ಮಗುವಿಗೆ ತಿಂಗಳಿಗೆ ಸುಮಾರು 882 ರೂಪಾಯಿ ಬಿತ್ತು. ಈ ಕೊನೆಯ ಅಂಕಿಯನ್ನು ಅರ್ಜಿಯಲ್ಲಿ ಖಂಡಿತ ಹಾಕಿ. ಕಾರ್ಖಾನೆಯ ಮಾಲೀಕರಿಗೆ ಒಂದಕ್ಕೆ ಎಷ್ಟು ಅನ್ನುವ ಲೆಕ್ಕ ದಿನಾ ಮಾಡಿ ಅಭ್ಯಾಸ.

ಇಷ್ಟನ್ನೂ ಒಬ್ಬರ ಹತ್ತಿರವೇ ಕೇಳಬೇಡಿ. ಬಾಡಿಗೆಯ 90,000 ನಿಮ್ಮ ಸಂಘದ್ದು ಅಂತ ತೋರಿಸಿ, ಹೇಗಿದ್ದರೂ ಅದನ್ನು ನೀವು ಈಗಲೂ ಹೊಂದಿಸುತ್ತಿದ್ದೀರಿ. ತಿಂಡಿಯ 1,36,400ನ್ನು ಹತ್ತಿರದ ರೋಟರಿ ಕ್ಲಬ್ಬನ್ನೋ ಅಪಾರ್ಟ್‌ಮೆಂಟ್ ಸಂಘವನ್ನೋ ಕೇಳಿ. ತಿಂಡಿಗೆ ಕೊಡುವವರು ಬೇಗ ಸಿಗುತ್ತಾರೆ, ಸಂಬಳಕ್ಕೆ ಕೊಡುವವರು ಸಿಗುವುದು ನಿಧಾನ. ಉಳಿದ 4,30,000 ಕಂಪನಿಯ ಪಾಲು. ಇಷ್ಟು ದಿನ ನೀವು ಸಂಬಳವಿಲ್ಲದೆ ದುಡಿದಿದ್ದರಿಂದ ಖರ್ಚು 1,84,000ಕ್ಕೆ ನಿಂತಿತ್ತು ಅನ್ನುವುದನ್ನೂ ಬರೆಯಿರಿ. ಆಗ ಈ ಏರಿಕೆ ಯಾಕೆ ಅಂತ ಅವರಿಗೆ ಅರ್ಥವಾಗುತ್ತದೆ.

ಸಂಬಳ ಹಾಕಿದರೆ ಕೊಡುವವರಿಗೆ ಬೇಜಾರಾಗುತ್ತದೆ ಅಂತ ಹೆದರುತ್ತೀರಿ, ನನಗೆ ಗೊತ್ತು. ನಾನೂ ಹೆದರಿದ್ದೆ. ಮೊದಲ ಸಲ ನಾನು ಅರ್ಜಿ ಬರೆದದ್ದು ಮಾಗಡಿ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ ಗರ್ಭಿಣಿಯರನ್ನು ತಪಾಸಣೆಗೆ ಕರೆದುಕೊಂಡು ಹೋಗುವ ಕೆಲಸಕ್ಕೆ. ಪೂರ್ತಿ ಹಣ ಜನರಿಗೇ ಹೋಗುತ್ತದೆ ಅಂತ ತೋರಿಸಬೇಕೆಂದು ಸಂಬಳದ ಸಾಲನ್ನೇ ಹಾಕಲಿಲ್ಲ. ಹಣ ಬಂತು. ಮನೆ ಮನೆಗೆ ಹೋಗುತ್ತಿದ್ದ ಹುಡುಗಿ ಬಸ್ ಚಾರ್ಜನ್ನೂ ಕೈಯಿಂದ ಹಾಕುತ್ತಿದ್ದಳು. ನಾಲ್ಕನೇ ತಿಂಗಳು ಅಳುತ್ತಾ ಬಂದು, 'ಅಕ್ಕಾ, ನಮ್ಮನೇಲಿ ಬೇರೆ ಕೆಲಸ ನೋಡ್ಕೋ ಅಂತಿದಾರೆ' ಅಂದಳು. ಅವಳು ಹೋದ ಮೇಲೆ ಬೇರೆ ಯಾರೂ ಸಿಗಲಿಲ್ಲ. ಔಷಧಿಗೆ ಅಂತ ಬಂದ ಹಣ ಬ್ಯಾಂಕಲ್ಲಿ ಕೂತಿತ್ತು, ಹೆಂಗಸರನ್ನು ಕರೆದುಕೊಂಡು ಹೋಗುವವರಿರಲಿಲ್ಲ. ವರ್ಷದ ಕೊನೆಗೆ ಅರ್ಧಕ್ಕಿಂತ ಜಾಸ್ತಿ ಹಣ ವಾಪಸ್ ಕೊಟ್ಟೆವು. ಆ ಹುಡುಗಿಗೆ ತಿಂಗಳ ಸಂಬಳ ಬರೆಯದೇ ಹೋದೆನಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ. ನಿಮ್ಮ ಕೆಲಸ ನಡೆಯುವುದೇ ಆ ಟೀಚರ್‌ಗಳಿಂದ. ಅವರ ಸಂಬಳವನ್ನು ಮೊದಲ ಸಾಲಲ್ಲಿ, ಧೈರ್ಯವಾಗಿ ಬರೆಯಿರಿ.

'ಆಡಳಿತ ವೆಚ್ಚ ಶೇ. 5 ದಾಟುವಂತಿಲ್ಲ, ಕಾನೂನಿದೆ' ಅಂತ ಯಾರಾದರೂ ನಿಮಗೆ ಹೇಳಬಹುದು. ಆ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಮಕ್ಕಳಿಗೆ ಪಾಠ ಹೇಳುವ ಟೀಚರ್ ಸಂಬಳ ಅದರಲ್ಲಿ ಬರುವುದಿಲ್ಲ. ಸಮಾಧಾನವಾಗಿ ವಿವರಿಸಿ, ಕೇಳುತ್ತಾರೆ.

ಇನ್ನು ಆ 50 ಸಾವಿರದ ಮನುಷ್ಯರು. ಬರೆದುಕೊಡುವುದಕ್ಕೆ ಶುಲ್ಕ ಕೇಳುವುದು ತಪ್ಪಲ್ಲ, ಅದೂ ಒಂದು ಕೆಲಸವೇ. ಆದರೆ ಶೇ. 10 ಅನ್ನುವುದು ನನಗೆ ಒಪ್ಪಿಗೆಯಿಲ್ಲ. 4,30,000 ಬಂದರೆ 43,000 ಅವರಿಗೆ. ಅದನ್ನು ಯಾವ ಸಾಲಿನಿಂದ ತೆಗೆಯುತ್ತೀರಿ? ವರ್ಷದ ಕೊನೆಗೆ ಹಣ ಹೇಗೆ ಬಳಸಿದಿರಿ ಅಂತ ಆಡಿಟರ್ ಸಹಿಯ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಕಮಿಷನ್ ಅಂತ ಬರೆಯಲು ಆಗುವುದಿಲ್ಲ. ಆಗ ಪುಸ್ತಕದ ಬಿಲ್ಲೋ ತಿಂಡಿಯ ಬಿಲ್ಲೋ ಜಾಸ್ತಿ ಮಾಡಿ ಬರೆಯಿರಿ ಅಂತ ಅವರೇ ದಾರಿ ತೋರಿಸುತ್ತಾರೆ. ನಾಲ್ಕು ವರ್ಷ ಕಟ್ಟಿದ ಹೆಸರು ಅಲ್ಲಿಗೆ ಹೋಯಿತು. ವೃತ್ತಿಯಾಗಿ ನಿಧಿ ಸಂಗ್ರಹ ಮಾಡುವವರ ಅಂತರರಾಷ್ಟ್ರೀಯ ಸಂಘದ ನೀತಿ ಸಂಹಿತೆಯಲ್ಲೇ ಬಂದ ಹಣದಲ್ಲಿ ಪಾಲು ತೆಗೆದುಕೊಳ್ಳಬಾರದು ಅಂತಿದೆ. ಅಷ್ಟೇ ಅಲ್ಲದೆ, ಅವರು ಬರೆದರೆ ಆ ಒತ್ತಕ್ಷರದ ಸಾಲು ಉಳಿಯುತ್ತದೆ ಅನ್ನುವ ನಂಬಿಕೆ ನನಗಿಲ್ಲ.

ಇಂಗ್ಲಿಷ್‌ಗೆ ಹೆದರಬೇಡಿ. ಮೊದಲು ಪೂರ್ತಿ ಕನ್ನಡದಲ್ಲಿ ಬರೆಯಿರಿ. ಎಂಟೂ ಜನ ಕೂತು ಗಟ್ಟಿಯಾಗಿ ಓದಿ. ಓದುವಾಗ ಯಾರಿಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ತಿದ್ದಿ. ಆಮೇಲೆ ಪರಿಚಯದ ಹೈಸ್ಕೂಲ್ ಮೇಷ್ಟ್ರ ಹತ್ತಿರ ಅಥವಾ ಕಾಲೇಜು ಮಕ್ಕಳ ಹತ್ತಿರ ಇಂಗ್ಲಿಷ್ ಮಾಡಿಸಿ. ಸಣ್ಣ ಸಣ್ಣ ವಾಕ್ಯದ ಸಾದಾ ಇಂಗ್ಲಿಷ್ ಸಾಕು. ಎಲ್ಲರೂ ಇಂಗ್ಲಿಷನ್ನೇ ಕೇಳುತ್ತಾರೆ ಅಂತಲೂ ಇಲ್ಲ. ನಮ್ಮ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕನ್ನಡದಲ್ಲಿ ಬರೆದ ಅರ್ಜಿಯನ್ನೂ ತೆಗೆದುಕೊಳ್ಳುತ್ತದೆ. ಅವರು ಕೊಡುವುದು ಕಲೆಯ ಕೆಲಸಕ್ಕೆ, ಹಾಗಾಗಿ ನಿಮ್ಮ ಈ ಅರ್ಜಿಗೆ ಅದು ಹೊಂದುವುದಿಲ್ಲ. ಪೀಣ್ಯದ ಎಷ್ಟೋ ಮಾಲೀಕರು ಕನ್ನಡದಲ್ಲಿ ಒಂದು ಪುಟ ಕೊಟ್ಟರೆ ಖುಷಿಯಿಂದ ಓದುತ್ತಾರೆ. ಎರಡನ್ನೂ ಜೊತೆಗಿಟ್ಟುಕೊಂಡು ಹೋಗಿ.

ನಾಲ್ಕನೇ ಪುಟದ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. ಅಲ್ಲಿ ಒಬ್ಬಳು ಹುಡುಗಿಯ ಫೋಟೋ ಇದೆ. ಕೆಳಗೆ ಹೆಸರು, ಶಾಲೆ, 'ತಂದೆ ಕುಡುಕ, ತಾಯಿಯನ್ನು ಹೊಡೆಯುತ್ತಾನೆ' ಅಂತ ಬರೆದಿದ್ದೀರಿ. ಇದು 11 ಕಂಪನಿಗಳ ಕಂಪ್ಯೂಟರ್‌ಗೆ ಹೋಗಿದೆ. ಆ ಮಗು ನಾಳೆ ದೊಡ್ಡವಳಾಗುತ್ತಾಳೆ. ಇದೇ ಲಗ್ಗೆರೆಯಲ್ಲಿ ಓಡಾಡುತ್ತಾಳೆ. ಅವಳ ಮನೆಯ ನೋವನ್ನು ಹಂಚುವ ಹಕ್ಕು ನಮಗಿಲ್ಲ. ದಯವಿಟ್ಟು ತೆಗೆದುಹಾಕಿ. ಫೋಟೋ ಬೇಕೇ ಬೇಕು ಅಂದರೆ ತಂದೆತಾಯಿ ಒಪ್ಪಿಗೆ ಪಡೆದು, ಮಕ್ಕಳು ಪುಸ್ತಕದ ಮೇಲೆ ಬಗ್ಗಿರುವ, ಮುಖ ಕಾಣದ ಒಂದು ಫೋಟೋ ಹಾಕಿ. ಮಕ್ಕಳ ಸುರಕ್ಷತೆಗೆ ನಿಮ್ಮಲ್ಲಿ ಏನು ನಿಯಮ ಇದೆ ಅಂತ ಒಂದು ಪುಟ ಬರೆದು ಸೇರಿಸಿ: ಟೀಚರ್ ಆಗಿ ಬರುವವರ ಹಿನ್ನೆಲೆ ಹೇಗೆ ವಿಚಾರಿಸುತ್ತೀರಿ, ಸಂಜೆ ಮಕ್ಕಳನ್ನು ಯಾರ ಕೈಗೆ ಒಪ್ಪಿಸುತ್ತೀರಿ, ಮಗು ಏನಾದರೂ ಹೇಳಿಕೊಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದು ಯಾರ ಜವಾಬ್ದಾರಿ. ಒಳ್ಳೆಯ ದಾನಿಗಳು ಇದನ್ನು ಕೇಳಿಯೇ ಕೇಳುತ್ತಾರೆ.

ಸಮಯದ ವಿಷಯ ಚಿಕ್ಕದು. ಕಂಪನಿಗಳ ವರ್ಷ ಏಪ್ರಿಲ್‌ಗೆ ಶುರು. ಮುಂದಿನ ವರ್ಷದ ಯೋಜನೆ ಮಾಡುವ ಜನವರಿ, ಫೆಬ್ರವರಿಯಲ್ಲಿ ನಿಮ್ಮ ಪತ್ರ ಅವರ ಮೇಜಿನ ಮೇಲಿರಲಿ. ಮಾರ್ಚ್ ಕೊನೆಗೆ ಕೆಲವರು 'ಈ ವಾರ ಖರ್ಚು ಮಾಡ್ತೀರಾ?' ಅಂತ ಫೋನ್ ಮಾಡುತ್ತಾರೆ. ಪುಸ್ತಕ ಕೊಳ್ಳುವುದಾದರೆ ಒಪ್ಪಿಕೊಳ್ಳಿ. ವರ್ಷದ ಸಂಬಳವನ್ನು ಒಂದು ವಾರದಲ್ಲಿ ಖರ್ಚು ಮಾಡಲು ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಹಲವು ವರ್ಷ ನಡೆಯುವ ಕೆಲಸಕ್ಕೆ ಹಣವನ್ನು ಬೇರೆ ಖಾತೆಯಲ್ಲಿಟ್ಟು ಮುಂದುವರಿಸುವ ದಾರಿ ಕಾನೂನಿನಲ್ಲೇ ಇದೆ. ಅವರ ಲೆಕ್ಕದವರಿಗೆ ಅದು ಗೊತ್ತಿರುತ್ತದೆ.

ಅಮೆರಿಕದಲ್ಲಿರುವ ಪರಿಚಯದವರು ದುಡ್ಡು ಕಳಿಸುತ್ತಾರೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಅವರು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಪಡೆಯಬಹುದು. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ಹಣ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಿಸುವ ಕಾಯ್ದೆ) ನೋಂದಣಿಯೋ ಮೊದಲೇ ಪಡೆದ ಅನುಮತಿಯೋ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಅರ್ಜಿ ಇಷ್ಟವಾದರೆ ಅವರು ನೋಡಲು ಬರುತ್ತಾರೆ. ಬರುವವರನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆಯಬೇಡಿ, ಸಂಜೆ ಐದೂವರೆಗೆ ಕರೆಯಿರಿ. ಶಾಮಿಯಾನ, ಹಾರ, ಸ್ವಾಗತ ಗೀತೆ ಏನೂ ಬೇಡ. ನಾನು ಹೀಗೆ ಹೋದ ಒಂದು ಕಡೆ ನಮ್ಮ ಜೊತೆಗಿದ್ದ ಲೆಕ್ಕದ ಅಧಿಕಾರಿ ಚಾಪೆ ಮೇಲೆ ಕೂತರು. ಪಕ್ಕದಲ್ಲಿ ಒಬ್ಬ ಹುಡುಗ ಬೆರಳಿಟ್ಟು ಓದುತ್ತಿದ್ದ. 'ಚಂ... ಚಂದ... ಚಂದ್ರ' ಅಂದು ತಲೆಯೆತ್ತಿ ಅವರ ಮುಖ ನೋಡಿದ, ಸರಿಯಾ ಅನ್ನುವಂತೆ. ಅವರು ಸರಿ ಅಂದರು. ಆಮೇಲೆ ಇಪ್ಪತ್ತು ನಿಮಿಷ ಅವನ ಜೊತೆಗೇ ಇದ್ದರು, ನಮ್ಮ ಹತ್ತಿರ ಏನೂ ಕೇಳಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವರೇ ಮೊದಲು, ಇವರಿಗೆ ಕೊಡೋಣ ಅಂದರು.

ಈ ವಾರ ಮಾಡಬೇಕಾದ್ದು ಇಷ್ಟು. ಆಡಿಟರ್‌ಗೆ ಫೋನ್ ಮಾಡಿ ಸಿಎಸ್‌ಆರ್-1ರ ಕೆಲಸ ಶುರು ಮಾಡಿಸಿ. ಆಗುವುದಿಲ್ಲ ಎಂದು ಮೇಲ್ ಹಾಕಿದ ಆ ಎರಡು ಕಂಪನಿಗಳನ್ನು ಮರೆಯಬೇಡಿ. ಉತ್ತರ ಕೊಡುವಷ್ಟು ಸೌಜನ್ಯ ಅವರಿಗಿದೆ. ಮೂರು ಸಾಲು ಬರೆಯಿರಿ: ಓದಿದ್ದಕ್ಕೆ ಧನ್ಯವಾದ, ಯಾವ ಕಾರಣಕ್ಕೆ ಆಗಲಿಲ್ಲ ಅಂತ ತಿಳಿಸಿದರೆ ತಿದ್ದಿಕೊಳ್ಳುತ್ತೇವೆ, ಮುಂದಿನ ವರ್ಷ ಮತ್ತೆ ಬರೆಯಬಹುದೇ? ಹೊಸ ಮೊದಲ ಪುಟ ಬರೆದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ನೋಡಿ ಹೇಳುತ್ತೇನೆ. ಒತ್ತಕ್ಷರ ಬಾರದೆ ಉಳಿದಿದ್ದ ಆ ಮೂರು ಮಕ್ಕಳು ಈಗ ಹೇಗೆ ಓದುತ್ತಿದ್ದಾರೆ ಅಂತಲೂ ಅದರಲ್ಲಿ ಬರೆಯಿರಿ.